ಕಮ್ಯುನಿಟಿ ಕಾಲೇಜಿನಿಂದ ದೊಡ್ಡ ಯೂನಿವರ್ಸಿಟಿಗೆ: ಯಾವ ದಾರಿ ಯಾರಿಗೆ?

ಮಾರ್ಚ್ ಕೊನೆಗೆ ಯೂನಿವರ್ಸಿಟಿಗಳ ಉತ್ತರ ಬಂದ ಮೇಲೆ ಕ್ಯಾಲಿಫೋರ್ನಿಯಾದ ಎಷ್ಟೋ ಕನ್ನಡ ಮನೆಗಳಲ್ಲಿ ಒಂದೇ ಚರ್ಚೆ. ಬರ್ಕ್ಲಿ ಸಿಗಲಿಲ್ಲ, ಯುಸಿಎಲ್‌ಎ ಸಿಗಲಿಲ್ಲ. ಈಗ ಸಿಕ್ಕಿದ ಕಡೆ ಸೇರುವುದಾ? ಇಲ್ಲಾ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಕಡಿಮೆ ಶುಲ್ಕದ ಎರಡು ವರ್ಷದ ಸರ್ಕಾರಿ ಕಾಲೇಜಿನಲ್ಲಿ ಓದಿ, ಮೂರನೇ ವರ್ಷಕ್ಕೆ ಟ್ರಾನ್ಸ್‌ಫರ್ ಆಗುವುದಾ? ಪಿಯುಸಿ ಮುಗಿಸಿದ ಮಗನನ್ನೋ ಮಗಳನ್ನೋ ಅಮೆರಿಕಕ್ಕೆ ಕಳಿಸಬೇಕು ಅಂದುಕೊಂಡ ಬೆಂಗಳೂರು, ಮೈಸೂರಿನ ತಂದೆತಾಯಂದಿರಿಗೂ ಇದೇ ಪ್ರಶ್ನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಮ್ಯುನಿಟಿ ಕಾಲೇಜಿನ ದಾರಿ ಒಳ್ಳೆಯ ದಾರಿ. ಆದರೆ ಯಾವ ಯೂನಿವರ್ಸಿಟಿ ಎಂಬಲ್ಲಿಂದ ಯೋಚನೆ ಶುರು ಮಾಡಿದವರು ಇದರಲ್ಲಿ ಎಡವುತ್ತಾರೆ. ಯಾವ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಎಂಬಲ್ಲಿಂದ ಶುರು ಮಾಡಿದವರು ದಡ ಸೇರುತ್ತಾರೆ. ಅದೇ ಜಿಪಿಎ (4ಕ್ಕೆ ಲೆಕ್ಕ ಹಾಕುವ ಗ್ರೇಡುಗಳ ಸರಾಸರಿ), ಅದೇ ಕಾಲೇಜು, ಅದೇ ಬರ್ಕ್ಲಿ. ಮೇಜರ್ ಒಂದು ಬದಲಾದರೆ ಸಿಗುವ ಅವಕಾಶ ಹಲವು ಪಟ್ಟು ಬದಲಾಗುತ್ತದೆ.

ನಮ್ಮ ಕಡೆಯವರಿಗೆ ಈ ವ್ಯವಸ್ಥೆ ಪೂರ್ತಿ ಹೊಸದೇನಲ್ಲ. ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು, ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರುತ್ತಾರಲ್ಲ, ಅದೇ ಜಾತಿಯದು. ವ್ಯತ್ಯಾಸ ಏನೆಂದರೆ ಇಲ್ಲಿ ಒಂದು ಪರೀಕ್ಷೆ, ಒಂದು ರ‍್ಯಾಂಕ್ ಅಂತ ಇಲ್ಲ. ಎರಡು ವರ್ಷದ ಪ್ರತಿಯೊಂದು ಕೋರ್ಸಿನ ಗ್ರೇಡೂ ಪರೀಕ್ಷೆಯೇ.

ಬಾಗಿಲು ಯಾಕೆ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು

ಇದು ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ. 1960ರಲ್ಲಿ ಕ್ಯಾಲಿಫೋರ್ನಿಯಾ ಉನ್ನತ ಶಿಕ್ಷಣಕ್ಕೆ ಒಂದು ಮಾಸ್ಟರ್ ಪ್ಲ್ಯಾನ್ ಮಾಡಿಕೊಂಡಿತು. ಕಮ್ಯುನಿಟಿ ಕಾಲೇಜು ಎಲ್ಲರಿಗೂ ತೆರೆದಿರಬೇಕು, ಅಲ್ಲಿ ಚೆನ್ನಾಗಿ ಓದಿದವರಿಗೆ ಯೂನಿವರ್ಸಿಟಿಯಲ್ಲಿ ಜಾಗ ಇರಬೇಕು ಎಂಬುದು ಅದರ ತಿರುಳು. ಇವತ್ತಿಗೂ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ (ಬರ್ಕ್ಲಿ, ಯುಸಿಎಲ್‌ಎ ಎಲ್ಲ ಇದರ ಕ್ಯಾಂಪಸ್‌ಗಳೇ), ಎರಡು ಹೊಸ ವಿದ್ಯಾರ್ಥಿಗಳಿಗೆ ಒಬ್ಬ ಟ್ರಾನ್ಸ್‌ಫರ್ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುವ ಗುರಿ ಇಟ್ಟುಕೊಂಡಿದೆ. ಹಾಗಾಗಿ ಮೂರನೇ ವರ್ಷಕ್ಕೆ ಅಲ್ಲಿ ಸಾವಿರಾರು ಸೀಟು ಬೇಕೆಂದೇ ಇಟ್ಟಿರುತ್ತಾರೆ. ಯುಸಿಎಲ್‌ಎ ಒಂದೇ ವರ್ಷಕ್ಕೆ ಮೂರು ಸಾವಿರಕ್ಕೂ ಜಾಸ್ತಿ ಟ್ರಾನ್ಸ್‌ಫರ್ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತದೆ. ಅವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಈ ರಾಜ್ಯದ ಕಮ್ಯುನಿಟಿ ಕಾಲೇಜುಗಳಿಂದಲೇ ಬಂದವರು.

ಸ್ಟ್ಯಾನ್‌ಫರ್ಡ್, ಹಾರ್ವರ್ಡ್ ಅಂಥ ಖಾಸಗಿ ಕಡೆ ಇಂಥ ಕಾಯಿದೆಯೂ ಇಲ್ಲ, ಕಟ್ಟುಪಾಡೂ ಇಲ್ಲ. ಮೊದಲ ವರ್ಷ ಸೇರಿದವರು ಹೆಚ್ಚು ಕಡಿಮೆ ಎಲ್ಲರೂ ಕೊನೆಯವರೆಗೂ ಇರುತ್ತಾರೆ. ಖಾಲಿ ಸೀಟೇ ಇರುವುದಿಲ್ಲ. ಸ್ಟ್ಯಾನ್‌ಫರ್ಡ್ ಟ್ರಾನ್ಸ್‌ಫರ್‌ಗೆ ಅರ್ಜಿ ಹಾಕಿದ ನೂರರಲ್ಲಿ ಇಬ್ಬರು ಆಯ್ಕೆಯಾದರೆ ಹೆಚ್ಚು. ಯುಸಿಎಲ್‌ಎ, ಬರ್ಕ್ಲಿಯಲ್ಲಿ ನೂರಕ್ಕೆ ಸುಮಾರು ಇಪ್ಪತ್ತೈದು. ಹೈಸ್ಕೂಲಿನಿಂದ (ಅಮೆರಿಕದಲ್ಲಿ ಅದು ಹನ್ನೆರಡನೇ ತರಗತಿವರೆಗೆ) ನೇರ ಹೋಗುವವರಿಗೆ ಇದೇ ಎರಡು ಕಡೆ ನೂರಕ್ಕೆ ಹತ್ತರ ಆಸುಪಾಸು ಮಾತ್ರ. ಅಂದರೆ ಹೈಸ್ಕೂಲಿನಲ್ಲಿ ಮುಚ್ಚಿದ ಬಾಗಿಲು ಎರಡು ವರ್ಷದ ನಂತರ ಜಾಸ್ತಿ ಅಗಲವಾಗಿ ತೆರೆಯುತ್ತದೆ. ಇದನ್ನು ನಂಬದೆ ಮಕ್ಕಳನ್ನು ಸಾಲದ ಮೇಲೆ ಸಾಲ ಮಾಡಿ ಇಷ್ಟವಿಲ್ಲದ ಕಡೆಗೆ ಕಳಿಸುವ ಮನೆಗಳನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಮೊದಲ ದಾರಿ: ಖಾತ್ರಿ ಸೀಟು, ಅಂದರೆ ಟ್ಯಾಗ್

ಯುಸಿಯ ಆರು ಕ್ಯಾಂಪಸ್‌ಗಳು ಕಮ್ಯುನಿಟಿ ಕಾಲೇಜಿನವರಿಗೆ ಮೊದಲೇ ಮಾತು ಕೊಡುತ್ತವೆ. ಇಷ್ಟು ಯೂನಿಟ್ (ಕೋರ್ಸುಗಳನ್ನು ಅಳೆಯುವ ಲೆಕ್ಕ), ಇಷ್ಟು ಜಿಪಿಎ, ಈ ಈ ಕೋರ್ಸ್ ಮುಗಿಸಿದರೆ ನಿಮಗೆ ಸೀಟು ಖಂಡಿತ ಎಂಬ ಮಾತು. ಇದಕ್ಕೇ ಟ್ಯಾಗ್ ಎನ್ನುತ್ತಾರೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಸ್ ಆ ಆರು. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯೇಗೊ ಇದರಲ್ಲಿ ಇಲ್ಲ.

ಟ್ಯಾಗ್ ಅರ್ಜಿಯನ್ನು ಸೇರುವ ಹಿಂದಿನ ವರ್ಷದ ಸೆಪ್ಟೆಂಬರ್ 1ರಿಂದ 30ರ ಒಳಗೆ ಹಾಕಬೇಕು. ಒಬ್ಬರಿಗೆ ಒಂದೇ ಕ್ಯಾಂಪಸ್. ಅಷ್ಟು ಹೊತ್ತಿಗೆ 30 ಸೆಮಿಸ್ಟರ್ ಯೂನಿಟ್ ಮುಗಿದಿರಬೇಕು. ಸೆಮಿಸ್ಟರಿಗಿಂತ ಚಿಕ್ಕ ಟರ್ಮ್‌ಗಳ ಕ್ವಾರ್ಟರ್ ಪದ್ಧತಿಯ ಕಾಲೇಜಾದರೆ 45. ಜಿಪಿಎ 2.8ರಿಂದ 3.4ರ ಸುತ್ತ ಕೇಳುತ್ತಾರೆ, ಬೇಡಿಕೆ ಇರುವ ಮೇಜರ್‌ಗೆ ಇನ್ನೂ ಮೇಲೆ.

ಇಲ್ಲೊಂದು ಎಚ್ಚರಿಕೆ. ಎಲ್ಲ ಮೇಜರ್‌ಗೂ ಟ್ಯಾಗ್ ಇರುವುದಿಲ್ಲ. ಕಂಪ್ಯೂಟರ್ ಸೈನ್ಸ್, ಇಂಜಿನಿಯರಿಂಗ್, ನರ್ಸಿಂಗ್‌ನಂಥ ಕೆಲವನ್ನು ಕೆಲವು ಕ್ಯಾಂಪಸ್‌ಗಳು ಹೊರಗಿಟ್ಟಿವೆ. ಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹೋದ ವರ್ಷ ಅಣ್ಣನಿಗೆ ಸಿಕ್ಕಿತು ಅಂತ ಈ ವರ್ಷ ತಂಗಿಗೂ ಇರುತ್ತದೆ ಅಂದುಕೊಳ್ಳಬೇಡಿ. ಯುಸಿಯವರೇ ಪ್ರತಿ ವರ್ಷ ಟ್ಯಾಗ್ ಮ್ಯಾಟ್ರಿಕ್ಸ್ ಅಂತ ಪ್ರಕಟಿಸುತ್ತಾರೆ. ಅದನ್ನು ಇಳಿಸಿಕೊಂಡು ಓದಿ.

ಟ್ಯಾಗ್ ಯಾರಿಗೆ? ನನ್ನ ಪ್ರಕಾರ ಅರ್ಹತೆ ಇರುವ ಎಲ್ಲರಿಗೂ. ಬರ್ಕ್ಲಿಯೇ ಬೇಕು ಅನ್ನುವವರಿಗೂ. ಯಾಕೆಂದರೆ ಟ್ಯಾಗ್ ಹಾಕಿದವರು ಉಳಿದ ಯುಸಿಗಳಿಗೂ, ಖಾಸಗಿ ಯೂನಿವರ್ಸಿಟಿಗಳಿಗೂ ಅರ್ಜಿ ಹಾಕಬಹುದು. ಟ್ಯಾಗ್ ಸಿಕ್ಕ ಕಡೆಗೇ ಸೇರಬೇಕು ಎಂಬ ಕಟ್ಟು ಇಲ್ಲ. ಕೈಯಲ್ಲಿ ಒಂದು ಸೀಟು ಭದ್ರವಾಗಿದ್ದರೆ ಮೇಲಿನದಕ್ಕೆ ಧೈರ್ಯವಾಗಿ ಪ್ರಯತ್ನ ಮಾಡಬಹುದು. ಸೆಪ್ಟೆಂಬರ್ ತಿಂಗಳನ್ನು ಮರೆತು ಇದನ್ನು ಕಳೆದುಕೊಳ್ಳುವವರು ತುಂಬಾ ಜನ. ಕ್ಯಾಲೆಂಡರ್‌ನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ.

ಎರಡನೇ ದಾರಿ: ಬರ್ಕ್ಲಿ ಮತ್ತು ಯುಸಿಎಲ್‌ಎ

ಹೆಚ್ಚಿನವರ ಕಣ್ಣು ಇರುವುದು ಇಲ್ಲೇ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಎರಡೂ ಕಡೆ ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆ ಬೇಡ. ಹೈಸ್ಕೂಲಿನ ಗ್ರೇಡನ್ನು ಟ್ರಾನ್ಸ್‌ಫರ್ ಆಯ್ಕೆಗೆ ತೂಗುವುದಿಲ್ಲ. ಹದಿನೈದು ಹದಿನಾರರ ವಯಸ್ಸಿನಲ್ಲಿ ಓದಿನ ಕಡೆ ಗಮನ ಇಲ್ಲದ ಹುಡುಗ, ಆರೋಗ್ಯ ಕೆಟ್ಟು ಒಂದು ವರ್ಷ ಹಿಂದೆ ಬಿದ್ದ ಹುಡುಗಿ, ಇಬ್ಬರಿಗೂ ಇದು ಹೊಸ ಹಾಳೆ. ಅಮೆರಿಕದ ವ್ಯವಸ್ಥೆಯಲ್ಲಿ ನನಗೆ ತುಂಬಾ ಇಷ್ಟವಾಗುವ ಸಂಗತಿ ಇದು.

ಆದರೆ ಆ ಹಾಳೆಯ ಮೇಲೆ ಬರೆದದ್ದನ್ನು ಅಳಿಸುವುದು ಕಷ್ಟ. ಯುಸಿಯಲ್ಲಿ ಡಿ ಅಥವಾ ಎಫ್ ಬಂದ ಕೋರ್ಸನ್ನು ಮಾತ್ರ ಮತ್ತೆ ತೆಗೆದುಕೊಂಡು ಗ್ರೇಡ್ ಸರಿ ಮಾಡಿಕೊಳ್ಳಬಹುದು. ಸಿ ಬಂದರೆ ಅದು ಹಾಗೇ ಉಳಿಯುತ್ತದೆ. ಹೈಸ್ಕೂಲಿನಲ್ಲಿ ಇರುವಾಗಲೇ ಬೇಸಿಗೆಯಲ್ಲಿ ಸುಮ್ನೆ ಅಂತ ತೆಗೆದುಕೊಂಡ ಕಮ್ಯುನಿಟಿ ಕಾಲೇಜಿನ ಕೋರ್ಸೂ ಇದೇ ಲೆಕ್ಕಕ್ಕೆ ಬರುತ್ತದೆ. ಹದಿನಾಲ್ಕು ವರ್ಷದ ಮಗುವಿಗೆ ಡ್ಯುಯಲ್ ಎನ್‌ರೋಲ್‌ಮೆಂಟ್, ಅಂದರೆ ಹೀಗೆ ಹೈಸ್ಕೂಲಿನ ಜೊತೆಗೇ ಕಾಲೇಜಿನ ಕೋರ್ಸ್, ಮಾಡಿಸುವ ಮೊದಲು ಇದನ್ನು ನೆನಪಿಡಿ.

ಆಯ್ಕೆಯಾದವರಲ್ಲಿ ಹೆಚ್ಚಿನವರ ಜಿಪಿಎ 3.7ರ ಮೇಲೆ. ಆದರೆ ಬರೀ ಜಿಪಿಎ ಸಾಲದು. ಮೇಜರ್‌ಗೆ ಬೇಕಾದ ಮೊದಲ ಎರಡು ವರ್ಷದ ಕೋರ್ಸ್‌ಗಳು ಪೂರ್ತಿ ಮುಗಿದಿವೆಯಾ ಎಂದು ನೋಡುತ್ತಾರೆ. 4.0 ಇದ್ದೂ ಒಂದು ಫಿಸಿಕ್ಸ್ ಬಾಕಿ ಇದ್ದವರಿಗೆ ಇಲ್ಲ ಎಂದು, 3.75 ಇದ್ದು ಎಲ್ಲ ಮುಗಿಸಿದವರಿಗೆ ಹೌದು ಎನ್ನುವುದು ಇಲ್ಲಿ ಆಶ್ಚರ್ಯದ ಸಂಗತಿ ಅಲ್ಲ.

ಯಾವ ಕೋರ್ಸ್ ಬೇಕು ಎಂದು ತಿಳಿಯುವುದು ಅಸಿಸ್ಟ್ ಎಂಬ ಸರ್ಕಾರಿ ತಾಣದಲ್ಲಿ. ನಿಮ್ಮ ಕಾಲೇಜು, ಸೇರಬೇಕಾದ ಯೂನಿವರ್ಸಿಟಿ, ಮೇಜರ್ ಮೂರನ್ನೂ ಆರಿಸಿದರೆ ಎಡಕ್ಕೆ ಯೂನಿವರ್ಸಿಟಿಯ ಕೋರ್ಸ್, ಬಲಕ್ಕೆ ಅದಕ್ಕೆ ಸಮನಾದ ನಿಮ್ಮ ಕಾಲೇಜಿನ ಕೋರ್ಸ್ ಬರುತ್ತದೆ. ಬಲಗಡೆ ಖಾಲಿ ಇದ್ದರೆ ಆ ಕೋರ್ಸ್ ನಿಮ್ಮ ಕಾಲೇಜಿನಲ್ಲಿ ಇಲ್ಲ ಎಂದು ಅರ್ಥ. ಬರ್ಕ್ಲಿಯ ಕೆಲವು ಕಂಪ್ಯೂಟರ್ ಕೋರ್ಸ್‌ಗಳಿಗೆ ಸಮನಾದದ್ದು ಅನೇಕ ಕಾಲೇಜುಗಳಲ್ಲಿ ಇಲ್ಲ. ಆಗ ಪಕ್ಕದ ಊರಿನ ಕಾಲೇಜಿನಲ್ಲೋ ಆನ್‌ಲೈನ್‌ನಲ್ಲೋ ಅದೊಂದು ಕೋರ್ಸನ್ನು ತೆಗೆದುಕೊಳ್ಳಬಹುದು. ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಎರಡು ಮೂರು ಕಡೆ ಕೋರ್ಸ್ ತೆಗೆದುಕೊಳ್ಳುವುದಕ್ಕೆ ಅಡ್ಡಿ ಇಲ್ಲ.

ಇನ್ನು ಗಣಿತದ ಸರಪಳಿ. ಇಂಜಿನಿಯರಿಂಗ್, ಫಿಸಿಕ್ಸ್, ಕಂಪ್ಯೂಟರ್ ಸೈನ್ಸ್ ಅನ್ನುವವರು ಇಲ್ಲಿ ಕಣ್ಣು ತೆರೆದು ಓದಬೇಕು. ಕ್ಯುಪರ್ಟಿನೊದ ಡಿ ಆಂಜಾ ಎಂಬ ಕಮ್ಯುನಿಟಿ ಕಾಲೇಜನ್ನೇ ನೋಡಿ. ಅದು ಕ್ವಾರ್ಟರ್ ಪದ್ಧತಿಯದು. ಕ್ಯಾಲ್ಕುಲಸ್ 1ಎ, 1ಬಿ, 1ಸಿ, 1ಡಿ ಎಂದು ನಾಲ್ಕು ಕ್ವಾರ್ಟರ್. ಆಮೇಲೆ ಡಿಫರೆನ್ಷಿಯಲ್ ಈಕ್ವೇಷನ್ಸ್ ಮತ್ತು ಲೀನಿಯರ್ ಆಲ್ಜೀಬ್ರಾ. ಒಂದು ಮುಗಿಯದೆ ಮುಂದಿನದು ಸಿಗುವುದಿಲ್ಲ. ಫಿಸಿಕ್ಸ್‌ಗೂ ಇದೇ ಥರ ಒಂದು ಸಾಲು, ಅದು ಕ್ಯಾಲ್ಕುಲಸ್‌ಗೆ ಅಂಟಿಕೊಂಡೇ ಬರುತ್ತದೆ. ಮೊದಲ ಕ್ವಾರ್ಟರ್‌ನಲ್ಲೇ ಕ್ಯಾಲ್ಕುಲಸ್ ಶುರು ಮಾಡಿದರೆ ಎರಡು ವರ್ಷಕ್ಕೆ ಎಲ್ಲ ಕೂಡಿಬರುತ್ತದೆ. ಪ್ರಿಕ್ಯಾಲ್ಕುಲಸ್‌ನಿಂದ ಶುರು ಮಾಡಿದರೆ ಮೂರು ವರ್ಷ ಅಂತಲೇ ಲೆಕ್ಕ ಹಾಕಿಕೊಳ್ಳಿ. ಅದೇನೂ ಅವಮಾನ ಅಲ್ಲ. ಆದರೆ ಮೊದಲೇ ಗೊತ್ತಿದ್ದರೆ ಮನೆಯಲ್ಲಿ ಆಮೇಲೆ ಜಗಳ ಇರುವುದಿಲ್ಲ.

ಮೇಜರ್ ಬಗ್ಗೆ ಮೊದಲೇ ಹೇಳಿದೆನಲ್ಲ, ಅದರ ತೂಕ ಇಲ್ಲಿ ಕಾಣುತ್ತದೆ. ಇಡೀ ಕ್ಯಾಂಪಸ್‌ಗೆ ನೂರಕ್ಕೆ ಇಪ್ಪತ್ತೈದು ಎನ್ನುವುದು ಸರಾಸರಿ ಮಾತ್ರ. ಬರ್ಕ್ಲಿ ಮತ್ತು ಯುಸಿಎಲ್‌ಎ ಎರಡರಲ್ಲೂ ಕಂಪ್ಯೂಟರ್ ಸೈನ್ಸ್‌ಗೆ ನೂರಕ್ಕೆ ಹತ್ತಕ್ಕಿಂತ ಕಡಿಮೆ. ಬರ್ಕ್ಲಿಯ ಹಾಸ್ ಬಿಸಿನೆಸ್ ಸ್ಕೂಲೂ ಇಕ್ಕಟ್ಟಿನ ಜಾಗವೇ. ಇತಿಹಾಸ, ಭಾಷಾವಿಜ್ಞಾನ, ಮಾನವಶಾಸ್ತ್ರದಂಥ ಕಡೆ ಅವಕಾಶ ಎಷ್ಟೋ ಪಟ್ಟು ಜಾಸ್ತಿ. ಇದನ್ನು ಕೇಳಿದ ಕೂಡಲೇ ಕೆಲವರು ಒಂದು ಉಪಾಯ ಹೇಳುತ್ತಾರೆ: ಸುಲಭದ ಮೇಜರ್‌ನಲ್ಲಿ ಸೇರಿ, ಒಳಗೆ ಹೋದ ಮೇಲೆ ಕಂಪ್ಯೂಟರ್ ಸೈನ್ಸ್‌ಗೆ ಬದಲಾಯಿಸಿದರಾಯಿತು. ದಯವಿಟ್ಟು ಇದನ್ನು ನಂಬಬೇಡಿ. ಟ್ರಾನ್ಸ್‌ಫರ್ ವಿದ್ಯಾರ್ಥಿಗೆ ಇರುವುದೇ ಎರಡು ವರ್ಷ. ಬೇಡಿಕೆಯ ಮೇಜರ್‌ಗಳು ಒಳಗಿನವರಿಗೂ ಬಾಗಿಲು ಬಿಗಿ ಮಾಡಿವೆ. ಬರ್ಕ್ಲಿ ಹೆಸರಿನ ಆಸೆಗೆ ಇಷ್ಟವಿಲ್ಲದ ವಿಷಯ ಓದಿ ಹೊರಬರುವುದಕ್ಕಿಂತ, ಇಷ್ಟದ ವಿಷಯವನ್ನು ಡೇವಿಸ್‌ನಲ್ಲೋ ಅರ್ವೈನ್‌ನಲ್ಲೋ ಓದುವುದು ನೂರು ಪಾಲು ಮೇಲು.

ಎರಡರ ನಡುವೆ ಒಂದು ವ್ಯತ್ಯಾಸ ಇದೆ. ಯುಸಿಎಲ್‌ಎಗೆ ಟ್ಯಾಪ್ ಎಂಬ ಒಪ್ಪಂದ ಇದೆ. ಅದರಲ್ಲಿ ಇರುವ ಕಮ್ಯುನಿಟಿ ಕಾಲೇಜುಗಳ ಆನರ್ಸ್ ಕಾರ್ಯಕ್ರಮ (ಹೆಚ್ಚು ಆಳದ ಕೋರ್ಸ್‌ಗಳದ್ದು) ಮುಗಿಸಿದವರ ಅರ್ಜಿಗೆ ಕಾಲೇಜ್ ಆಫ್ ಲೆಟರ್ಸ್ ಆಂಡ್ ಸೈನ್ಸ್‌ನಲ್ಲಿ ಆದ್ಯತೆ ಸಿಗುತ್ತದೆ, ಇನ್ನೊಂದು ಮೇಜರ್ ಆರಿಸಿಡುವ ಅವಕಾಶವೂ ಸಿಗುತ್ತದೆ. ಇಂಜಿನಿಯರಿಂಗ್‌ಗೆ ಇದು ಉಪಯೋಗಕ್ಕೆ ಬರುವುದಿಲ್ಲ. ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಬಯಾಲಜಿ ಓದುವವರು ಕಾಲೇಜು ಸೇರಿದ ಮೊದಲ ವಾರವೇ ಆನರ್ಸ್ ಆಫೀಸಿಗೆ ಹೋಗಿ ವಿಚಾರಿಸಬೇಕು. ಎರಡನೇ ವರ್ಷಕ್ಕೆ ಹೋದರೆ ತಡವಾಗುತ್ತದೆ.

ಅರ್ಜಿಯ ವಿಷಯ ಚಿಕ್ಕದು. ಎಲ್ಲ ಯುಸಿಗೂ ಒಂದೇ ಅರ್ಜಿ, ಅಕ್ಟೋಬರ್, ನವೆಂಬರ್ ಎರಡು ತಿಂಗಳಲ್ಲಿ. ಒಂದೊಂದು ಕ್ಯಾಂಪಸ್‌ಗೆ 80 ಡಾಲರ್, ವಿದೇಶಿ ವಿದ್ಯಾರ್ಥಿಗಳಿಗೆ 95. ನಾಲ್ಕು ಚಿಕ್ಕ ಪ್ರಬಂಧ, ಒಂದೊಂದೂ 350 ಪದದ ಒಳಗೆ. ಅದರಲ್ಲಿ ಒಂದು ಕಡ್ಡಾಯ: ನಿಮ್ಮ ಮೇಜರ್‌ಗೆ ನೀವು ಹೇಗೆ ತಯಾರಾಗಿದ್ದೀರಿ? ಇಲ್ಲೂ ಮೇಜರೇ ನೋಡಿ. ಜನವರಿಯಲ್ಲಿ ಶರತ್ಕಾಲದ ಗ್ರೇಡುಗಳನ್ನು ಮತ್ತೆ ತುಂಬಬೇಕು. ಅದನ್ನು ಮರೆತರೆ ಒಳ್ಳೆಯ ಅರ್ಜಿಯೂ ಬಿದ್ದುಹೋಗಬಹುದು.

ಮೂರನೇ ದಾರಿ: ಖಾಸಗಿ ಯೂನಿವರ್ಸಿಟಿಗಳು

ಎಲ್ಲ ಖಾಸಗಿಯನ್ನೂ ಒಂದೇ ಗುಂಪಿಗೆ ಹಾಕುವುದು ತಪ್ಪು. ಲಾಸ್ ಏಂಜಲೀಸ್‌ನ ಯುಎಸ್‌ಸಿ ಟ್ರಾನ್ಸ್‌ಫರ್ ವಿದ್ಯಾರ್ಥಿಗಳನ್ನು ಧಾರಾಳವಾಗಿ ತೆಗೆದುಕೊಳ್ಳುತ್ತದೆ. ವರ್ಷಕ್ಕೆ ಸಾವಿರಕ್ಕೂ ಮೇಲೆ. 64 ಯೂನಿಟ್‌ವರೆಗೆ ಒಪ್ಪುತ್ತದೆ. ಹೆಚ್ಚಿನ ಮೇಜರ್‌ಗಳಿಗೆ ಅರ್ಜಿ ಫೆಬ್ರವರಿ 15ರವರೆಗೆ. ಓದಿನ ಶುಲ್ಕ ಮಾತ್ರ ವರ್ಷಕ್ಕೆ 70 ಸಾವಿರ ಡಾಲರ್ ದಾಟಿದೆ. ಗ್ರೀನ್ ಕಾರ್ಡ್ ಇರುವ ಅಥವಾ ಪ್ರಜೆಗಳಾದ, ಆದಾಯ ಕಡಿಮೆ ಇರುವ ಮನೆಯವರಿಗೆ ಸಹಾಯಧನ ದೊಡ್ಡದಾಗಿ ಸಿಗುತ್ತದೆ. ಎಷ್ಟೋ ಸಲ ಯುಸಿಗಿಂತ ಅಲ್ಲೇ ಅಗ್ಗವಾಗುವುದೂ ಉಂಟು. ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿರುವ ಮನೆಗೆ ಆ ಸಹಾಯ ಸಿಗುವುದು ಕಷ್ಟ. ಅವರಿಗೆ ಯುಸಿಯೇ ಸರಿ ಎನ್ನುತ್ತೇನೆ.

ನ್ಯೂಯಾರ್ಕ್ ರಾಜ್ಯದ ಕಾರ್ನೆಲ್, ಐವಿ ಲೀಗ್ ಎಂಬ ಎಂಟು ಹಳೆಯ ಖಾಸಗಿ ಯೂನಿವರ್ಸಿಟಿಗಳ ಗುಂಪಿನಲ್ಲಿ ಟ್ರಾನ್ಸ್‌ಫರ್‌ಗೆ ಎಲ್ಲಕ್ಕಿಂತ ತೆರೆದ ಮನಸ್ಸಿನದು. ವರ್ಷಕ್ಕೆ ನೂರಾರು ಜನರನ್ನು ಸೇರಿಸಿಕೊಳ್ಳುತ್ತದೆ. ಅದರ ಕೃಷಿ ಮತ್ತು ಜೀವವಿಜ್ಞಾನ ಕಾಲೇಜಿಗೆ ಕಮ್ಯುನಿಟಿ ಕಾಲೇಜುಗಳ ಜೊತೆ ಒಪ್ಪಂದಗಳೂ ಇವೆ. ಪ್ರಿನ್ಸ್‌ಟನ್ 1990ರಿಂದ ಟ್ರಾನ್ಸ್‌ಫರ್ ನಿಲ್ಲಿಸಿತ್ತು. 2018ರಲ್ಲಿ ಮತ್ತೆ ಶುರು ಮಾಡಿದಾಗ ಕಮ್ಯುನಿಟಿ ಕಾಲೇಜಿನವರನ್ನೂ ಸೈನ್ಯದಲ್ಲಿ ಇದ್ದು ಬಂದವರನ್ನೂ ವಿಶೇಷವಾಗಿ ಕರೆಯಿತು. ಸಂಖ್ಯೆ ಬಹಳ ಚಿಕ್ಕದು, ಆದರೆ ಮನಸ್ಸು ಬದಲಾಗಿದೆ ಎನ್ನುವುದಕ್ಕೆ ಗುರುತು.

ಈ ಕಡೆ ನಿಯಮಗಳೇ ಬೇರೆ. ಹೈಸ್ಕೂಲಿನ ಅಂಕಪಟ್ಟಿ ಕೇಳುತ್ತಾರೆ. ಕೆಲವು ಕಡೆ ಎಸ್‌ಎಟಿ ಮತ್ತೆ ಬಂದಿದೆ. ಕಾಲೇಜಿನ ಪ್ರೊಫೆಸರ್‌ಗಳಿಂದ ಶಿಫಾರಸು ಪತ್ರ ಬೇಕು. ನೂರು ಜನರ ಆನ್‌ಲೈನ್ ಕ್ಲಾಸಿನಲ್ಲಿ ಹೆಸರೇ ಗೊತ್ತಿಲ್ಲದ ವಿದ್ಯಾರ್ಥಿಗೆ ಯಾರು ಪತ್ರ ಬರೆಯುತ್ತಾರೆ? ಖಾಸಗಿ ಕಡೆ ಮನಸ್ಸಿದ್ದರೆ ಒಂದಿಬ್ಬರು ಪ್ರೊಫೆಸರ್‌ಗಳ ಕ್ಲಾಸಿಗೆ ಎದುರೆದುರು ಹೋಗಿ ಕೂರಿ, ಅವರ ಆಫೀಸ್ ಅವರ್ಸ್‌ಗೆ ಹೋಗಿ ಮಾತಾಡಿ. ಇನ್ನೊಂದು ತೊಂದರೆ ಕ್ರೆಡಿಟ್. ಯುಸಿಗೆ ಅಸಿಸ್ಟ್ ಇದೆ. ಪೂರ್ವ ಕರಾವಳಿಯ ಖಾಸಗಿಗಳಿಗೆ ಅಂಥ ಪಟ್ಟಿ ಇಲ್ಲ. ಎರಡು ವರ್ಷದ ಕೋರ್ಸ್‌ಗಳನ್ನು ಪೂರ್ತಿ ಒಪ್ಪುತ್ತಾರೆ ಎಂಬ ಖಾತ್ರಿ ಇಲ್ಲ. ಒಂದು ವರ್ಷ ಜಾಸ್ತಿ ಓದಬೇಕಾದರೆ ಖರ್ಚೂ ಒಂದು ವರ್ಷದ್ದು ಜಾಸ್ತಿ.

ಚೆನ್ನಾಗಿ ಓದುವ, ಹಣದ ಕಷ್ಟ ಇರುವ ಮಕ್ಕಳು ಜ್ಯಾಕ್ ಕೆಂಟ್ ಕುಕ್ ಫೌಂಡೇಷನ್‌ನ ಟ್ರಾನ್ಸ್‌ಫರ್ ವಿದ್ಯಾರ್ಥಿವೇತನವನ್ನು ನೋಡಲೇಬೇಕು. ವರ್ಷಕ್ಕೆ 55 ಸಾವಿರ ಡಾಲರ್‌ವರೆಗೂ ಕೊಡುತ್ತಾರೆ. ಸ್ಪರ್ಧೆ ಜೋರು, ಆದರೆ ಕಮ್ಯುನಿಟಿ ಕಾಲೇಜಿನವರಿಗಾಗಿಯೇ ಇರುವ ಇಷ್ಟು ದೊಡ್ಡ ವೇತನ ಬೇರೆ ಸುಲಭಕ್ಕೆ ಸಿಗುವುದಿಲ್ಲ.

ಸ್ಟ್ಯಾನ್‌ಫರ್ಡ್‌ಗೆ ಅರ್ಜಿ ಹಾಕಬಾರದಾ? ಹಾಕಿ. ಮಾರ್ಚ್ 15ರವರೆಗೆ ಸಮಯ ಇರುತ್ತದೆ. ಆದರೆ ಅದಕ್ಕಾಗಿ ಬೇರೆ ಯಾವ ಯೋಜನೆಯನ್ನೂ ಬದಲಾಯಿಸಬೇಡಿ.

ಕ್ಯಾಲಿಫೋರ್ನಿಯಾದ ಹೊರಗೆ

ವರ್ಜೀನಿಯಾದ ಉತ್ತರ ಭಾಗದಲ್ಲೂ ನಮ್ಮವರು ತುಂಬಾ ಜನ ಇದ್ದಾರೆ. ಅಲ್ಲಿಯ ಕಮ್ಯುನಿಟಿ ಕಾಲೇಜುಗಳಿಗೂ ಯೂನಿವರ್ಸಿಟಿ ಆಫ್ ವರ್ಜೀನಿಯಾಕ್ಕೂ ಖಾತ್ರಿ ಪ್ರವೇಶದ ಒಪ್ಪಂದ ಇದೆ. ಅಸೋಸಿಯೇಟ್ ಡಿಗ್ರಿ (ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಡಿಗ್ರಿ) ಮುಗಿಸಿ, 3.4 ಜಿಪಿಎ ಇಟ್ಟುಕೊಂಡು, ಹೇಳಿದ ಕೋರ್ಸ್ ಮಾಡಿದರೆ ಸೀಟು. ಕ್ಯಾಲಿಫೋರ್ನಿಯಾದಲ್ಲಿ ಬರ್ಕ್ಲಿ ಕೊಡದ ಖಾತ್ರಿಯನ್ನು ಅಲ್ಲಿಯ ಮೇಲ್ಮಟ್ಟದ ಸರ್ಕಾರಿ ಯೂನಿವರ್ಸಿಟಿಯೇ ಕೊಡುತ್ತದೆ ಅನ್ನುವುದು ಸಣ್ಣ ಮಾತಲ್ಲ. ಆ ರಾಜ್ಯದಲ್ಲಿ ಇರುವವರು ಇದನ್ನು ಬಿಟ್ಟು ಬೇರೆ ಕಡೆ ನೋಡುವ ಮೊದಲು ಎರಡು ಸಲ ಯೋಚಿಸಿ.

ವೀಸಾ ಮತ್ತು ದುಡ್ಡು

ಈ ಭಾಗ ನಮ್ಮವರಿಗೆ ಎಲ್ಲಕ್ಕಿಂತ ಮುಖ್ಯ. ಕೌನ್ಸೆಲರ್‌ಗಳು ತಾವಾಗಿ ಇದನ್ನು ಎತ್ತುವುದು ಅಪರೂಪ.

ಕ್ಯಾಲಿಫೋರ್ನಿಯಾ ನಿವಾಸಿಗೆ ಕಮ್ಯುನಿಟಿ ಕಾಲೇಜಿನಲ್ಲಿ ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್. 60 ಯೂನಿಟ್‌ಗೆ 2,760 ಡಾಲರ್. ಮೊದಲ ಬಾರಿಗೆ ಪೂರ್ಣಾವಧಿ ಓದುವವರಿಗೆ ಎರಡು ವರ್ಷ ಅದೂ ಮನ್ನಾ ಆಗಬಹುದು. ಆಮೇಲೆ ಯುಸಿಯಲ್ಲಿ ವರ್ಷಕ್ಕೆ 15 ಸಾವಿರದ ಸುತ್ತ ಶುಲ್ಕ. ಊಟ, ಬಾಡಿಗೆ ಬೇರೆ. ನಾಲ್ಕು ವರ್ಷದ ಡಿಗ್ರಿಯ ಶುಲ್ಕ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸಿಗುವ ಪ್ರಮಾಣಪತ್ರ ಮಾತ್ರ ನಾಲ್ಕು ವರ್ಷ ಅಲ್ಲೇ ಓದಿದವರದ್ದೇ.

ಎಫ್‌-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಕರ್ನಾಟಕದಿಂದ ನೇರ ಬರುವವರ ಲೆಕ್ಕ ಬೇರೆ. ಯೂನಿಟ್‌ಗೆ 400 ಡಾಲರ್ ಅಂದುಕೊಂಡರೂ 60 ಯೂನಿಟ್‌ಗೆ 24 ಸಾವಿರ ಡಾಲರ್. ಯುಸಿಗೆ ಹೋದ ಮೇಲೆ ಮಾಮೂಲು ಶುಲ್ಕದ ಮೇಲೆ ಹೊರಗಿನವರ ಶುಲ್ಕ ಅಂತ ವರ್ಷಕ್ಕೆ 37 ಸಾವಿರ ಡಾಲರ್ ಆಸುಪಾಸು ಸೇರುತ್ತದೆ. ಅಂದರೆ ಕೊನೆಯ ಎರಡು ವರ್ಷಕ್ಕೆ ಶುಲ್ಕವೇ ಒಂದು ಲಕ್ಷ ಡಾಲರ್ ದಾಟುತ್ತದೆ. ನಾಲ್ಕು ವರ್ಷ ಯುಸಿಯಲ್ಲೇ ಓದುವುದಕ್ಕಿಂತ ಇದು ಕಡಿಮೆ, ನಿಜ. ಆದರೆ ಕಡಿಮೆ ಖರ್ಚು ಅಂತ ಹೇಳಿ ಸಾಲ ಕೊಡಿಸುವ ಏಜೆಂಟರ ಮಾತು ಕೇಳುವ ಮೊದಲು ಪೂರ್ತಿ ನಾಲ್ಕು ವರ್ಷದ ಲೆಕ್ಕ ಹಾಳೆಯ ಮೇಲೆ ಬರೆದು ನೋಡಿ. ಅವರು ತೋರಿಸುವುದು ಮೊದಲ ಎರಡು ವರ್ಷದ್ದು.

ವಿಟಿಯು ಕಾಲೇಜಿನಲ್ಲಿ ಒಂದೋ ಎರಡೋ ವರ್ಷ ಇಂಜಿನಿಯರಿಂಗ್ ಓದಿ ಅಲ್ಲಿಂದ ನೇರ ಬರ್ಕ್ಲಿಗೆ ಟ್ರಾನ್ಸ್‌ಫರ್ ಆಗಬಹುದಾ ಎಂದೂ ಕೇಳುತ್ತಾರೆ. ಕಾಗದದ ಮೇಲೆ ಆಗಬಹುದು. ಆದರೆ ಯುಸಿಯ ಆದ್ಯತೆ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನವರಿಗೆ. ವಿಟಿಯು ಕೋರ್ಸ್‌ಗಳು ಅಸಿಸ್ಟ್‌ನಲ್ಲಿ ಇಲ್ಲ. ಯಾವುದಕ್ಕೆ ಯಾವುದು ಸಮ ಎಂದು ಮೊದಲೇ ತಿಳಿಯುವ ದಾರಿ ಇಲ್ಲ. ಕಮ್ಯುನಿಟಿ ಕಾಲೇಜಿಗೆ ಬಂದು ಶುರು ಮಾಡಿದರೂ ಹಳೆಯ ಅಂಕಪಟ್ಟಿಯನ್ನು ಅರ್ಜಿಯಲ್ಲಿ ತೋರಿಸಲೇಬೇಕು, ಮುಚ್ಚಿಡುವಂತಿಲ್ಲ.

ಎಚ್‌-4ನಲ್ಲಿ (ಅಪ್ಪ ಅಥವಾ ಅಮ್ಮನ ಎಚ್‌-1ಬಿ ಕೆಲಸದ ವೀಸಾದ ಮೇಲೆ ಮಕ್ಕಳಿಗೆ ಸಿಗುವ ವೀಸಾ) ಬೆಳೆದ ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಇವರು ಕ್ಯಾಲಿಫೋರ್ನಿಯಾ ನಿವಾಸಿಗಳು ಎಂದು ಎಣಿಸಿಕೊಂಡು 46 ಡಾಲರ್ ದರದಲ್ಲೇ ಓದಬಹುದು. ಆದರೆ ಅಮೆರಿಕದ ಕೇಂದ್ರ ಸರ್ಕಾರದ ಸಹಾಯಧನ ಇಲ್ಲ. ಸಂಬಳದ ಇಂಟರ್ನ್‌ಶಿಪ್ ಮಾಡುವ ಹಾಗಿಲ್ಲ. 21 ತುಂಬಿದ ದಿನ ಎಚ್‌-4 ಮುಗಿಯುತ್ತದೆ. ಹೆಚ್ಚಿನವರು ಎಫ್‌-1ಗೆ ಬದಲಾಗುತ್ತಾರೆ. ಟ್ರಾನ್ಸ್‌ಫರ್ ಆಗುವ ವಯಸ್ಸೂ 20, 21 ತಾನೆ? ಎರಡೂ ಒಟ್ಟಿಗೆ ಬಂದು ಬೀಳುತ್ತವೆ. ಎಫ್‌-1 ಆದವರನ್ನು ಸಾಮಾನ್ಯವಾಗಿ ನಿವಾಸಿ ಎಂದು ಎಣಿಸುವುದಿಲ್ಲ, ಆಗ ವರ್ಷದ ಶುಲ್ಕ ಮೂರು ಪಟ್ಟಿಗಿಂತ ಜಾಸ್ತಿ ಆಗಬಹುದು. ಸೇರುವ ಮೊದಲೇ ಯೂನಿವರ್ಸಿಟಿಯ ರೆಸಿಡೆನ್ಸಿ ಆಫೀಸಿಗೆ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ವೀಸಾ ಬದಲಾವಣೆಯ ದಿನದ ಬಗ್ಗೆ ಇಮಿಗ್ರೇಷನ್ ವಕೀಲರ ಹತ್ತಿರ ಒಂದು ವರ್ಷ ಮೊದಲೇ ಮಾತಾಡಿ. ಇಲ್ಲೇ ಆಡಿ ಬೆಳೆದ ಮಕ್ಕಳಿಗೆ ಒಂದು ಹುಟ್ಟುಹಬ್ಬದಿಂದ ಹೀಗಾಗುವುದು ಅನ್ಯಾಯ ಎಂದೇ ನನಗೆ ಅನಿಸುತ್ತದೆ. ಆದರೆ ಇವತ್ತಿನ ನಿಯಮ ಇದು.

ಒಂದು ಸಲಹೆ: ಎಚ್‌-4 ಮಗುವಿಗೆ 21 ಹತ್ತಿರ ಇದ್ದರೆ, ಗಣಿತದ ಸರಪಳಿಯಿಂದ ಮೂರನೇ ವರ್ಷಕ್ಕೆ ಎಳೆಯುವ ಮೇಜರ್ ಆರಿಸುವ ಮೊದಲು ಈ ಲೆಕ್ಕವನ್ನೂ ಹಾಕಿ.

ಯಾವ ಕಮ್ಯುನಿಟಿ ಕಾಲೇಜು?

ಡಿ ಆಂಜಾ, ಫೂಟ್‌ಹಿಲ್, ಡಯಾಬ್ಲೊ ವ್ಯಾಲಿ, ದಕ್ಷಿಣದಲ್ಲಿ ಸಾಂಟಾ ಮೋನಿಕಾ, ಅರ್ವೈನ್ ವ್ಯಾಲಿ, ಪ್ಯಾಸಡೀನಾ. ಟ್ರಾನ್ಸ್‌ಫರ್‌ಗೆ ಇವೆಲ್ಲ ಹೆಸರುವಾಸಿ. ಆದರೆ ಯೂನಿವರ್ಸಿಟಿಯವರು ಕಾಲೇಜಿನ ಹೆಸರಿಗೆ ಅಂಕ ಕೊಡುವುದಿಲ್ಲ. ನಿಮ್ಮ ಮೇಜರ್‌ನ ಕೋರ್ಸ್‌ಗಳು ಅಲ್ಲಿ ಎಲ್ಲ ಇವೆಯಾ, ಪ್ರತಿ ಟರ್ಮ್‌ನಲ್ಲೂ ನಡೆಯುತ್ತವೆಯಾ, ಆನರ್ಸ್ ಇದೆಯಾ ಎಂಬ ಮೂರೇ ಪ್ರಶ್ನೆ ಸಾಕು. ಎರಡು ವರ್ಷಕ್ಕೊಮ್ಮೆ ನಡೆಯುವ ಒಂದು ಫಿಸಿಕ್ಸ್ ಕೋರ್ಸಿಗಾಗಿ ಇಡೀ ವರ್ಷ ಕಾಯಬೇಕಾದೀತು. ಮನೆಯಿಂದ ಹೋಗಿಬರುವಷ್ಟು ಹತ್ತಿರ ಇರುವುದು ಒಳ್ಳೆಯದು, ಬಾಡಿಗೆ ಉಳಿಯುತ್ತದೆ.

ಕ್ವಾರ್ಟರ್ ಕಾಲೇಜಿಗೂ ಸೆಮಿಸ್ಟರ್ ಕಾಲೇಜಿಗೂ ಓಟದಲ್ಲಿ ವ್ಯತ್ಯಾಸ ಇದೆ. ಕ್ವಾರ್ಟರ್ ಅಂದರೆ ಹನ್ನೆರಡು ವಾರ. ಮೂರನೇ ವಾರ ಜ್ವರ ಬಂದರೆ ಮಿಡ್‌ಟರ್ಮ್ ಬಾಗಿಲಿಗೆ ಬಂದಿರುತ್ತದೆ. ನಿಧಾನವಾಗಿ ವಿಷಯ ಹಿಡಿಯುವ ಮಕ್ಕಳಿಗೆ ಸೆಮಿಸ್ಟರ್ ಹೊಂದುತ್ತದೆ. ಒಂದೇ ವಿಷಯ ತುಂಬಾ ದಿನ ಓದಿದರೆ ಬೇಸರ ಬರುವವರಿಗೆ ಕ್ವಾರ್ಟರ್.

ಸಿಕ್ಕ ಸೀಟು ಬಿಟ್ಟು ಬರಬೇಕಾ?

ಮೊದಲ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಬೇಕಾದ ಮೇಜರ್, ಕೈಗೆಟಕುವ ಶುಲ್ಕ ಎರಡೂ ಇರುವ ಯೂನಿವರ್ಸಿಟಿ ಹೈಸ್ಕೂಲಿನಿಂದಲೇ ಸಿಕ್ಕಿದ್ದರೆ, ಅದರಲ್ಲೂ ಕಂಪ್ಯೂಟರ್ ಸೈನ್ಸ್ ಸಿಕ್ಕಿದ್ದರೆ, ಅದನ್ನು ಬಿಡಬೇಡಿ. ಸ್ಯಾನ್ ಹೋಸೆ ಸ್ಟೇಟ್ ಆಗಲಿ, ಕ್ಯಾಲ್ ಪಾಲಿ ಆಗಲಿ. ಟ್ರಾನ್ಸ್‌ಫರ್‌ನಲ್ಲಿ ಆ ಮೇಜರ್ ಮತ್ತೆ ಸಿಗುವುದು ಇನ್ನೂ ಕಷ್ಟ. ಮೇಜರ್ ಬೇರೆಯದಾಗಿದ್ದು, ಶುಲ್ಕಕ್ಕೆ ಸಾಲ ಬೇಕಾಗಿದ್ದರೆ ಕಮ್ಯುನಿಟಿ ಕಾಲೇಜಿಗೆ ಧೈರ್ಯವಾಗಿ ಬನ್ನಿ. ಏನು ಓದಬೇಕು ಎಂದೇ ತಿಳಿಯದ ಮಗುವಿಗೂ ಇದು ಒಳ್ಳೆಯ ಜಾಗ. ಆದರೆ ಮೊದಲ ವರ್ಷದ ಕೊನೆಗೆ ತೀರ್ಮಾನ ಆಗಲೇಬೇಕು. ಅದಕ್ಕಿಂತ ತಡವಾದರೆ ಬೇಕಾದ ಕೋರ್ಸ್‌ಗಳಿಗೆ ಸಮಯ ಸಾಲುವುದಿಲ್ಲ.

ನಾಲ್ಕು ಜನ ಏನಂದಾರು ಎಂಬ ಸಂಕೋಚ ಇದ್ದರೆ ಒಂದು ಉದಾಹರಣೆ ಹೇಳುತ್ತೇನೆ. 1984ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಬ್ರೂಸ್ ಮೆರಿಫೀಲ್ಡ್ ಪ್ಯಾಸಡೀನಾ ಜೂನಿಯರ್ ಕಾಲೇಜಿನಿಂದ ಯುಸಿಎಲ್‌ಎಗೆ ಟ್ರಾನ್ಸ್‌ಫರ್ ಆದವರು. ಬೇಸ್‌ಬಾಲ್‌ನ ಜ್ಯಾಕಿ ರಾಬಿನ್‌ಸನ್ ಕೂಡ ಅದೇ ಕಾಲೇಜು, ಅದೇ ಯುಸಿಎಲ್‌ಎ. ಸ್ಟೀವ್ ವೋಜ್ನಿಯಾಕ್ ಡಿ ಆಂಜಾದಲ್ಲಿ ಓದಿ ಬರ್ಕ್ಲಿಗೆ ಹೋದವರು. ಮಗುವಿನ ಮುಂದೆ ಕಮ್ಯುನಿಟಿ ಕಾಲೇಜನ್ನು ಸೋಲು ಎಂಬಂತೆ ಮಾತಾಡಬೇಡಿ. ಮೊದಲ ಟರ್ಮ್‌ನ ಗ್ರೇಡು ಹಾಳಾಗುವುದಕ್ಕೆ ಎಷ್ಟೋ ಸಲ ಆ ಮಾತೇ ಕಾರಣ.

ಇನ್ನು ಟ್ರಾನ್ಸ್‌ಫರ್ ಅರ್ಜಿಗೆ ಏಪ್ರಿಲ್‌ನಲ್ಲಿ ಉತ್ತರ ಬಂದ ಮೇಲೆ. ಯುಸಿಗೆ ಒಪ್ಪಿಗೆ ಕೊಡುವುದಕ್ಕೆ ಜೂನ್ 1ರವರೆಗೆ ಸಮಯ ಇದೆ. ಆ ವಸಂತದ ಕೋರ್ಸ್‌ಗಳನ್ನು ಅರ್ಜಿಯಲ್ಲಿ ಬರೆದ ಹಾಗೇ ಮುಗಿಸಬೇಕು, ಒಂದನ್ನು ಬಿಟ್ಟರೂ ಸೀಟು ರದ್ದಾಗಬಹುದು. ಬಿಡಲೇಬೇಕಾದರೆ ಮೊದಲು ಯೂನಿವರ್ಸಿಟಿಗೆ ತಿಳಿಸಿ. ಎರಡು ಕಡೆಯಿಂದ ಉತ್ತರ ಬಂದಿದ್ದರೆ ಎರಡೂ ಡಿಪಾರ್ಟ್‌ಮೆಂಟಿನವರಿಗೆ ಒಂದು ಇಮೇಲ್ ಬರೆಯಿರಿ: ನನ್ನ ಕೋರ್ಸ್‌ಗಳ ಪಟ್ಟಿ ಇದು, ಎರಡು ವರ್ಷದಲ್ಲಿ ಡಿಗ್ರಿ ಮುಗಿಯುತ್ತದೆಯಾ, ಮೂರನೇ ವರ್ಷದ ಮೊದಲ ಟರ್ಮ್‌ಗೆ ಬೇಕಾದ ಕ್ಲಾಸಿನಲ್ಲಿ ಜಾಗ ಸಿಗುತ್ತದೆಯಾ? ಅವರ ಉತ್ತರವನ್ನೂ ಸಹಾಯಧನದ ಪತ್ರವನ್ನೂ ಪಕ್ಕದಲ್ಲಿ ಇಟ್ಟುಕೊಂಡು ಆರಿಸಿ. ಹಾಸ್ಟೆಲ್ ಅರ್ಜಿಗೆ ಬೇರೆಯೇ ಗಡುವು ಇರುತ್ತದೆ, ಅದನ್ನು ಅದೇ ವಾರ ಹಾಕಿಬಿಡಿ.